ಪದ ಯಾರದು, ಅಂಕಿತ ಯಾರದು?

ಸುಮಾರು ಎಂಟು ವರ್ಷದ ಹಿಂದಿನ ಮಾತು. ಶ್ರಾವಣ ಮಾಸ. ಬ್ರಹ್ಮಪುರದ ಓಣಿಯೊಂದರಲ್ಲಿ ರಾತ್ರಿ ಭಜನೆ ನಡೆದಿತ್ತು. ಏಕತಾರಿ, ದಮ್ಮಡಿ, ತಾಳ, ಹಳೆಯದೊಂದು ಹಾರ್ಮೋನಿಯಂ. ಪುರವಣಿಗೆ ಸಣ್ಣದೊಂದು ಬರಹ ಬೇಕೆಂದು ಡೆಸ್ಕಿನವರು ಕೇಳಿದ್ದರಿಂದ ಹೋಗಿದ್ದೆ. ಎಪ್ಪತ್ತು ದಾಟಿದ ಒಬ್ಬ ಆಯಿ ಒಂದು ಪದ ಹಾಡಿದರು. ಕೊನೆಯ ನುಡಿಯಲ್ಲಿ ಕಡಕೋಳದ ಗುರುವಿನ ಹೆಸರು ಬಂತು. ನಾನು ಮತ್ತೇನೂ ಕೇಳಲಿಲ್ಲ. 'ಕಡಕೋಳ ಮಡಿವಾಳಪ್ಪನವರ ತತ್ವಪದ' ಎಂದು ಬರೆದುಕೊಂಡೆ. ಅದು ಹಾಗೆಯೇ ಅಚ್ಚಾಯಿತು.

ಪತ್ರಿಕೆ ಬಂದ ದಿನವೇ ಆಯಿಯ ಮೊಮ್ಮಗ ಫೋನ್ ಮಾಡಿದ. "ಸರ, ಆ ಪದ ಮಡಿವಾಳಪ್ಪನವರದ್ದಲ್ರಿ. ನಮ್ಮ ಆಯಿ ಕಟ್ಟಿದ್ದದ. ನಮ್ಮ ಕಣ್ಣ ಮುಂದನೇ ಕಟ್ಟ್ಯಾಳ."

ಸಂಜೆ ಅವರ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳುವಷ್ಟರಲ್ಲಿ ಆಯಿಯೇ ನನ್ನ ಬಾಯಿ ಮುಚ್ಚಿಸಿದರು. "ಯಪ್ಪಾ, ಅದ್ರಾಗ ನಂದೇನದ? ಗುರು ಕೊಟ್ಟ ಮಾತು, ಗುರುವಿನ ಹೆಸರಿಗೇ ಹಾಕೀನಿ. ನೀ ಬರ್ದಿದ್ದು ಖರೇನೇ ಅದ." ಮೊಮ್ಮಗನಿಗೆ ಅದು ಒಪ್ಪಿಗೆಯಾಗಲಿಲ್ಲ. "ನಾಳಿಗಿ ಆಯಿ ಹೋದ್ಲಂದ್ರ ಈ ಪದ ಆಕಿದು ಅಂತ ಯಾರ್ ಹೇಳ್ತಾರ್ರಿ ಸರ?" ಎಂದ.

ಆಯಿಯ ಮಾತನ್ನೇ ನೆಪ ಮಾಡಿಕೊಂಡು ನಾನು ತಿದ್ದುಪಡಿ ಕಳಿಸಲಿಲ್ಲ. ಈಗ ಆಯಿ ಇಲ್ಲ. ಮೊಮ್ಮಗನ ಪ್ರಶ್ನೆ ಮಾತ್ರ ಉಳಿದಿದೆ. ಈ ವರ್ಷ ನಾವು ಕೆಲವು ಗೆಳೆಯರು ಕಲಬುರಗಿ, ಕಮಲಾಪುರ ಕಡೆಯ ಭಜನಾ ನೋಟ್‌ಬುಕ್ಕುಗಳನ್ನು ಫೋಟೊ ತೆಗೆದು, ಹುಡುಕಲು ಬರುವಂಥ ಒಂದು ಪಟ್ಟಿ ಮಾಡಬೇಕೆಂದು ಕುಳಿತಾಗ ಮೊದಲು ಎದುರಾದದ್ದೂ ಅದೇ. ಕಂಪ್ಯೂಟರಿನಲ್ಲಿ ಶೀಟು ತೆಗೆದೆವು. ಮೊದಲ ಕಾಲಮ್ಮಿಗೆ 'ಪದ' ಎಂದು ಹೆಸರು ಕೊಟ್ಟೆವು. ಎರಡನೆಯದಕ್ಕೆ 'ಬರೆದವರು' ಎಂದು ಟೈಪ್ ಮಾಡಿ ಅಲ್ಲೇ ನಿಂತುಬಿಟ್ಟೆವು.

ಇದು ನಮಗಷ್ಟೇ ಬಂದ ತೊಡಕಲ್ಲ. ನಮಗಿಂತ ಮೊದಲು ಇಂಥ ಪಟ್ಟಿ ಮಾಡಿದವರೆಲ್ಲ ಇದೇ ಜಾಗದಲ್ಲಿ ತಡವರಿಸಿದ್ದಾರೆ. ಅವರೇನು ಮಾಡಿದರು ಎಂಬುದನ್ನು ನೋಡಿಕೊಂಡೇ ಮುಂದೆ ಹೋಗೋಣ ಎನಿಸಿತು.

ಅಭಿಮಾನಿಗಳು ಬರೆಯುವ ಕಥೆ

ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಯಾರೋ ಸೃಷ್ಟಿಸಿದ ಪಾತ್ರಗಳನ್ನು ಮೆಚ್ಚಿದ ಓದುಗರು, ನೋಡುಗರು ಆ ಪಾತ್ರಗಳನ್ನೇ ಇಟ್ಟುಕೊಂಡು ಕಟ್ಟುವ ಹೊಸ ಕಥೆ ಅದು. 1966ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ 'ಸ್ಟಾರ್ ಟ್ರೆಕ್' ಶುರುವಾಯಿತು. ಮರುವರ್ಷವೇ ಅದರ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಪತ್ರಿಕೆಯನ್ನು ತಾವೇ ಮಾಡಿ ಹಂಚಿದರು. ಹೀಗೆ ಬರೆದವರಲ್ಲಿ ಹೆಂಗಸರು ಬಹಳ. ಹಲವರು ಸ್ವಂತ ಹೆಸರು ಹಾಕುತ್ತಿರಲಿಲ್ಲ.

ಇಂಟರ್‌ನೆಟ್ ಬಂದ ಮೇಲೆ ಈ ಕಥೆಗಳು ಲಕ್ಷಗಟ್ಟಲೆಯಾದವು. 2007ರಲ್ಲಿ ಅಭಿಮಾನಿಗಳೇ ಸೇರಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ಕಟ್ಟಿಕೊಂಡರು. ಅವರ 'ಆರ್ಕೈವ್ ಆಫ್ ಅವರ್ ಓನ್' ಎಂಬ ಭಂಡಾರ 2009ರ ನವೆಂಬರಿನಲ್ಲಿ ಎಲ್ಲರಿಗೂ ತೆರೆಯಿತು. ಹತ್ತು ವರ್ಷದ ನಂತರ ಅದಕ್ಕೆ ವಿಜ್ಞಾನ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿ ಬಂತು.

ಆ ಭಂಡಾರದ ಎರಡು ಏರ್ಪಾಡುಗಳು ನಮಗೆ ಬಹಳ ಉಪಯೋಗಕ್ಕೆ ಬಂದವು. ಒಂದು, ಅಲ್ಲಿ ಬರೆದವರು ತಮ್ಮ ಕಥೆಗೆ ತಮಗೆ ತೋಚಿದ ಗುರುತಿನ ಪಟ್ಟಿ ಹಚ್ಚಬಹುದು. ಒಬ್ಬರು ಪಾತ್ರದ ಪೂರ್ಣ ಹೆಸರು ಹಾಕುತ್ತಾರೆ, ಇನ್ನೊಬ್ಬರು ಅಡ್ಡಹೆಸರು, ಮತ್ತೊಬ್ಬರು ತಪ್ಪು ಕಾಗುಣಿತ. ಯಾರದ್ದನ್ನೂ ಅಳಿಸುವುದಿಲ್ಲ. ಸ್ವಯಂಸೇವಕರ ಒಂದು ಪಡೆ ಹಿಂದೆ ಕುಳಿತು 'ಇವೆಲ್ಲ ಒಂದೇ' ಎಂದು ಗಂಟು ಹಾಕುತ್ತದೆ. ಯಾವುದನ್ನು ಹುಡುಕಿದರೂ ಎಲ್ಲವೂ ಸಿಗುತ್ತವೆ. ಎರಡು, ಬರೆದವರಿಗೆ ಮುಂದೆಂದಾದರೂ ತಮ್ಮ ಹೆಸರು ಬೇಡವೆನಿಸಿದರೆ ಕಥೆಯನ್ನು ಅಲ್ಲೇ ಬಿಟ್ಟು ಹೆಸರನ್ನಷ್ಟೇ ಬಿಡಿಸಿಕೊಳ್ಳಬಹುದು. ಕಥೆ ಓದುಗರಿಗೆ ಉಳಿಯುತ್ತದೆ, ಬರೆದವರ ಗುಟ್ಟೂ ಉಳಿಯುತ್ತದೆ.

ನಮ್ಮಲ್ಲಿ ಇದು ಹೊಸದಲ್ಲ

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮದೇ ಸಾಹಿತ್ಯ. ಕ್ರಿ.ಶ. 941ರ ಪಂಪ ವ್ಯಾಸರ ಕಥೆ ತೆಗೆದುಕೊಂಡು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನ ಜೊತೆ ಬೆರೆಸಿಬಿಟ್ಟ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿಸಿದ. ಗದುಗಿನ ನಾರಣಪ್ಪ ಅದೇ ಭಾರತವನ್ನು ಮತ್ತೆ ಹೇಳಿ, ಕಾವ್ಯ ಕಟ್ಟಿದವನು ಊರ ದೇವರು ವೀರನಾರಾಯಣ, ತಾನು ಬರೆದುಕೊಂಡವನಷ್ಟೇ ಎಂದ. ಬ್ರಹ್ಮಪುರದ ಆಯಿ ಹೇಳಿದ್ದೂ ಅದನ್ನೇ ಅಲ್ಲವೇ?

ಇನ್ನೂ ಹತ್ತಿರದ ಉದಾಹರಣೆ ಶೂನ್ಯಸಂಪಾದನೆ. ಹನ್ನೆರಡನೆಯ ಶತಮಾನದ ಶರಣರು ಹೋಗಿ ಬಹುಕಾಲವಾದ ಮೇಲೆ, ಶಿವಗಣಪ್ರಸಾದಿ ಮಹಾದೇವಯ್ಯ ಅವರ ವಚನಗಳನ್ನು ಒಂದೆಡೆ ಸೇರಿಸಿ, ಅಲ್ಲಮ, ಬಸವಣ್ಣ, ಅಕ್ಕ, ಸಿದ್ಧರಾಮರು ಎದುರುಬದುರು ಕುಳಿತು ಮಾತಾಡುವಂತೆ ಜೋಡಿಸಿದ. ಒಬ್ಬರ ವಚನ ಪ್ರಶ್ನೆಯಾಯಿತು, ಇನ್ನೊಬ್ಬರದು ಉತ್ತರವಾಯಿತು. ಅವನ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರ ಸಿದ್ಧವೀರಣಾರ್ಯ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ನಾಲ್ಕು ಶೂನ್ಯಸಂಪಾದನೆಗಳಾದವು. ಮಾತು ಶರಣರದು, ಸಂದರ್ಭ ಕಟ್ಟಿದ್ದು ಇವರು. ಇವನ್ನು ಪಟ್ಟಿಗೆ ಹಾಕುವವನು 'ಬರೆದವರು' ಎಂಬಲ್ಲಿ ಯಾರ ಹೆಸರು ತುಂಬಬೇಕು?

ನಮ್ಮ ಕಲಬುರಗಿಯಲ್ಲೇ ಇನ್ನೊಂದಿದೆ. ಖಾಜಾ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. 'ಮಿಅರಾಜುಲ್ ಆಶಿಕೀನ್' ಎಂಬ ದಖನಿ ಗದ್ಯ ಗ್ರಂಥವನ್ನು ಬಹಳ ಕಾಲ ಅವರದೇ ಎಂದು ನಂಬಿ, ಉರ್ದುವಿನ ಮೊದಲ ಗದ್ಯವೆಂದು ಕಲಿಸಲಾಯಿತು. ಅದು ಅವರದಲ್ಲ, ಬಹಳ ನಂತರ ಬಂದ ಬೇರೊಬ್ಬ ಸೂಫಿಯದು ಎಂದು ಆಮೇಲೆ ಸಂಶೋಧಕರು ವಾದಿಸಿದರು. ಹಿರಿಯರ ಹೆಸರಿನ ನೆರಳಲ್ಲಿ ಕಿರಿಯನೊಬ್ಬ ಶತಮಾನಗಟ್ಟಲೆ ಕಾಣದೇ ಹೋಗಬಹುದು ಎಂಬುದಕ್ಕೆ ದರ್ಗಾದ ಊರಲ್ಲಿರುವ ನಮಗೆ ದೂರದ ಸಾಕ್ಷಿ ಬೇಕಿಲ್ಲ.

ಅಂಕಿತ ಎಂಬ ಕೀಲಿ

ಕನ್ನಡದಲ್ಲಿ ಪಟ್ಟಿ ಮಾಡುವವರಿಗೆ ಒಂದು ಅನುಕೂಲ ಇದೆ. ಅದೇ ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಜೇಡರ ದಾಸಿಮಯ್ಯನಿಗೆ ರಾಮನಾಥ. ಹಾಳೆಯ ಮೇಲೆ ಹೆಸರಿಲ್ಲದಿದ್ದರೂ ವಚನದ ಕೊನೆ ನೋಡಿ ಇಂಥವರದು ಎನ್ನಬಹುದು. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ.

ಆದರೆ ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. ಕಂಪ್ಯೂಟರಿನಲ್ಲಿ 'ಮಲ್ಲಿಕಾರ್ಜುನ' ಎಂದು ಹುಡುಕಿ ನೋಡಿ. ಅಕ್ಕನ ಚೆನ್ನಮಲ್ಲಿಕಾರ್ಜುನ ಬರುತ್ತಾನೆ, ಸೊನ್ನಲಾಪುರದ ಸಿದ್ಧರಾಮನ ಕಪಿಲಸಿದ್ಧಮಲ್ಲಿಕಾರ್ಜುನ ಬರುತ್ತಾನೆ, ಪಕ್ಕದ ಬೀದರ ಜಿಲ್ಲೆಯ ಮೋಳಿಗೆಯ ಮಾರಯ್ಯನ ನಿಃಕಳಂಕಮಲ್ಲಿಕಾರ್ಜುನನೂ ಬರುತ್ತಾನೆ. ಮಾರಯ್ಯನ ಹೆಂಡತಿ ಮಹಾದೇವಿ ಗಂಡನ ಅಂಕಿತವನ್ನೇ ತೆಗೆದುಕೊಂಡು ಮುಂದೆ 'ಎನ್ನಯ್ಯಪ್ರಿಯ ಇಮ್ಮಡಿ' ಎಂದು ಸೇರಿಸಿಕೊಂಡಳು. ಪ್ರತಿ ಮಾಡುವವನ ಕೈಯಲ್ಲಿ ಆ ಎರಡು ಮಾತು ಬಿಟ್ಟುಹೋದರೆ ಹೆಂಡತಿಯ ವಚನ ಗಂಡನ ಲೆಕ್ಕಕ್ಕೆ ಹೋಗುತ್ತದೆ. ಯಾರೂ ಕದ್ದಂತೆ ಆಗುವುದಿಲ್ಲ, ಆದರೂ ಅವಳದ್ದು ಹೋಗಿರುತ್ತದೆ.

ಸರ್ವಜ್ಞನ ವಿಷಯದಲ್ಲಿ ಇದು ತಿರುಗುಮುರುಗು. ಅಲ್ಲಿ ಅಂಕಿತ ಎಷ್ಟು ಸುಲಭವೆಂದರೆ, ಯಾರು ಮೂರು ಸಾಲು ಕಟ್ಟಿ ಕೊನೆಗೆ ಆ ಹೆಸರು ಸೇರಿಸಿದರೂ ಅದು ಸರ್ವಜ್ಞನದಾಗುತ್ತಿತ್ತು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ, ಓಲೆ, ಕಾಗದ, ಜನರ ಬಾಯಿ ಎಲ್ಲ ಕಡೆಯಿಂದ ಕೂಡಿಸಿ 1924ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಎರಡು ಸಾವಿರದಷ್ಟು ತ್ರಿಪದಿಗಳಿದ್ದವು. ಒಬ್ಬನೇ ಇಷ್ಟನ್ನೂ ಹೇಳಿದನೇ, ಜನ ಎಷ್ಟು ಕೂಡಿಸಿದರು ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ.

ಅಂಕಿತ ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಾಲದಲ್ಲೂ ಕಂಡಿದ್ದೇವೆ. ಮಾತೆ ಮಹಾದೇವಿಯವರು 'ವಚನದೀಪ್ತಿ' ಪುಸ್ತಕದಲ್ಲಿ ಬಸವಣ್ಣನವರ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಸರ್ಕಾರದ ಕ್ರಮವನ್ನೇ ಎತ್ತಿಹಿಡಿದು ತೀರ್ಪಾಯಿತು. ಪಟ್ಟಿ ಮಾಡುವವನಿಗೆ ಇದರಲ್ಲಿ ಪಾಠ ಇದೆ. ಹಾಳೆಯ ಮೇಲೆ ಇದ್ದದ್ದನ್ನು ಇದ್ದಂತೆ ಇಡಬೇಕು. ನಮ್ಮ ಅಭಿಪ್ರಾಯ ಏನೇ ಇದ್ದರೂ ಅದಕ್ಕೆ ಬೇರೆ ಜಾಗ ಮಾಡಿಕೊಳ್ಳಬೇಕು.

ಓಲೆಗರಿಯಿಂದ ಸರ್ಚ್ ಬಾಕ್ಸಿನವರೆಗೆ

ವಚನಗಳ ಪಟ್ಟಿ ಮಾಡಿದವರ ಕಥೆಯೇ ದೊಡ್ಡದು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ಓಲೆಗರಿ ಕೂಡಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂತು. ಬೇರೆಯವರ ಅಚ್ಚುಕೂಟ ನೆಚ್ಚಿಕೊಂಡರೆ ಆಗದೆಂದು 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಕೈಯಲ್ಲಿದ್ದ ಹಣವೆಲ್ಲ ಇದಕ್ಕೇ ಹೋಯಿತು.

ಮುಂದೆ ಹಲವು ವಿದ್ವಾಂಸರ ಕೆಲಸ ಕೂಡಿ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ರಾಜ್ಯ ಸರ್ಕಾರ 'ಸಮಗ್ರ ವಚನ ಸಂಪುಟ'ದ 15 ಸಂಪುಟಗಳನ್ನು ಹೊರತಂದಿತು. ಅಲ್ಲಿ ಅಕಾರಾದಿ ಇದೆ, ಅಂಕಿತಗಳಿವೆ. ಹೆಸರೇ ಗೊತ್ತಿಲ್ಲದ, ಅಂಕಿತದಿಂದಷ್ಟೇ ಗುರುತಿಸುವ ವಚನಕಾರರಿಗೂ ಜಾಗ ಇದೆ. ಹೆಸರು ಗೊತ್ತಿಲ್ಲವೆಂದು ಅವರನ್ನು ಬಿಡಲಿಲ್ಲ, ದೊಡ್ಡವರ ಲೆಕ್ಕಕ್ಕೆ ಸೇರಿಸಲೂ ಇಲ್ಲ.

2010ರ ದಶಕದಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು, ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿಯವರ ಮಾರ್ಗದರ್ಶನದಲ್ಲಿ 'ವಚನ ಸಂಚಯ' ಕಟ್ಟಿದರು. ಇನ್ನೂರಕ್ಕೂ ಹೆಚ್ಚು ವಚನಕಾರರ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಈಗ ಮೊಬೈಲಿನಲ್ಲೇ ಹುಡುಕಬಹುದು. ಒಂದು ಪದ ಯಾರ ವಚನದಲ್ಲಿ ಎಷ್ಟು ಸಲ ಬಂದಿದೆ ಎಂಬುದೂ ಸಿಗುತ್ತದೆ. ಹಿಂದೆ ಸಂಶೋಧಕರಿಗೆ ತಿಂಗಳು ಹಿಡಿಯುತ್ತಿದ್ದ ಕೆಲಸ ಅದು. ನುಡಿ, ಬರಹದಂಥ ಹಳೆಯ ಫಾಂಟುಗಳಲ್ಲಿ ಟೈಪಾದದ್ದನ್ನು ಯುನಿಕೋಡಿಗೆ ತರುವುದೇ ಒಂದು ಹೋರಾಟ ಎಂಬುದು, ಈಗಲೂ ಡೆಸ್ಕಿಗೆ ನುಡಿಯಲ್ಲಿ ಸುದ್ದಿ ಕಳಿಸುವ ನಮ್ಮಂಥವರಿಗೆ ಹೇಳಬೇಕಾಗಿಲ್ಲ.

ಯುನಿಕೋಡ್ ಆದ ಮೇಲೂ ಕನ್ನಡ ಸುಲಭಕ್ಕೆ ಸಿಗುವುದಿಲ್ಲ. 'ಮನೆ' ಎಂದು ಹುಡುಕಿದರೆ 'ಮನೆಯೊಳಗೆ' ಸಿಗಬಹುದು, 'ಅರಮನೆ'ಯೂ ಸಿಗುತ್ತದೆ. 'ಊರು' ಎಂದು ಹುಡುಕಿದರೆ 'ಊರಾಗ' ಸಿಗುವುದಿಲ್ಲ. ಸಂಧಿಯಾಗಿ ಕೂಡಿದ ಮಾತನ್ನು ಯಂತ್ರ ಬಿಡಿಸಲಾರದು. ಊರ ಹೆಸರೂ ಅಷ್ಟೇ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ನಮ್ಮ ನೋಟ್‌ಬುಕ್ಕುಗಳಲ್ಲಿ ಗುಲಬರ್ಗಾ, ಗುಲ್ಬರ್ಗಾ, ಕಲಬುರ್ಗಿ, ಕಲಬುರಗಿ ನಾಲ್ಕೂ ಇವೆ. ಹಾಡುವವರಿಗೆ ಅವೆಲ್ಲ ಒಂದೇ ಊರು. ಕಂಪ್ಯೂಟರಿಗೆ ನಾಲ್ಕು.

ನಮ್ಮ ಜಿಲ್ಲೆಯ ಪದಗಳು

ವಚನಕ್ಕೆ ಹಳಕಟ್ಟಿ ಸಿಕ್ಕರು. ನಮ್ಮ ಭಾಗದ ತತ್ವಪದ ಬಹುಕಾಲ ಬಾಯಲ್ಲೇ ಇತ್ತು. ಈಗಿನ ಯಡ್ರಾಮಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ಸುತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದೊಡ್ಡ ಶಿಷ್ಯ ಬಳಗ ಬೆಳೆಯಿತು. ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಎಂದು ಹೆಸರು ಕೇಳಿದರೇ ಗೊತ್ತಾಗುತ್ತದೆ, ಜಾತಿ ಮತ ನೋಡಿ ಕೂಡಿದ ಗುಂಪಲ್ಲ ಅದು. ಶಿಷ್ಯರ ಪದದಲ್ಲಿ ಗುರುವಿನ ಹೆಸರು ಬರುತ್ತದೆ, ಶಿಷ್ಯರ ಶಿಷ್ಯರ ಪದದಲ್ಲೂ ಬರುತ್ತದೆ. ಅದು ಮೋಸವಲ್ಲ, ಭಕ್ತಿ. ಆದರೆ ಅಂಕಿತ ನೋಡಿ ಹೆಸರು ತುಂಬುವ ಪಟ್ಟಿಯಲ್ಲಿ ಶಿಷ್ಯರು ಕಾಣೆಯಾಗುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ, ಕಾ.ತ. ಚಿಕ್ಕಣ್ಣನವರ ಮುಂದಾಳತ್ವದಲ್ಲಿ ಇಡೀ ಕರ್ನಾಟಕದ ತತ್ವಪದಗಳನ್ನು 50 ಸಂಪುಟಗಳಲ್ಲಿ ತರುವ ಕೆಲಸಕ್ಕೆ ಕೈಹಾಕಿದ್ದು ನಮ್ಮ ಭಾಗಕ್ಕೆ ದೊಡ್ಡ ಉಪಕಾರ. ಆದರೂ ಪುಸ್ತಕಕ್ಕೆ ಬಂದದ್ದು ಹಿಂದಿನವರ ಪದ. ಇವತ್ತು ರಾತ್ರಿ ಓಣಿಯಲ್ಲಿ ಹೊಸದಾಗಿ ಕಟ್ಟಿದ್ದು ನೋಟ್‌ಬುಕ್ಕಿನಲ್ಲೇ ಇದೆ.

ಮೊಹರಂ ಪದಗಳದು ಇನ್ನೊಂದು ಬಗೆ. ಕರ್ಬಲಾದಲ್ಲಿ ನಡೆದ ಕಥೆ ನಮ್ಮ ಹಳ್ಳಿಗಳಲ್ಲಿ ಕನ್ನಡದ ರಿವಾಯತ್ ಆಗಿದೆ. ಹಸನ್ ಹುಸೇನರು ನಮ್ಮ ಭಾಷೆಯಲ್ಲಿ ಮಾತಾಡುತ್ತಾರೆ, ಅವರ ತಾಯಿ ನಮ್ಮ ತಾಯಂದಿರಂತೆ ಅಳುತ್ತಾಳೆ. ಕಟ್ಟಿದವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಅಭಿಮಾನಿ ಕಥೆ ಎಂದರೆ ಇದಕ್ಕಿಂತ ಬೇರೆ ಏನು? ಲಾವಣಿ, ಗೀಗೀ ಪದಗಳಂತೆ ಇಲ್ಲಿಯೂ ಸಾಮಾನ್ಯವಾಗಿ ಕೊನೆಯ ನುಡಿಯಲ್ಲಿ ಊರು, ಉಸ್ತಾದರು, ಕವಿ, ಕೆಲವೊಮ್ಮೆ ಹಾಡುವವರ ಹೆಸರೂ ಬರುತ್ತವೆ. ಒಬ್ಬನೇ 'ಲೇಖಕ' ಅಲ್ಲ, ನಾಲ್ಕು ಜನ. ನಮ್ಮ ಹಿರಿಯರು ಕಾಲಮ್ಮುಗಳನ್ನು ಮಾಡಿಟ್ಟೇ ಹೋಗಿದ್ದಾರೆ. ನಾವು ಅದನ್ನು ಒಂದಕ್ಕೆ ಇಳಿಸಲು ಹೊರಟಿದ್ದೆವು.

ನಮ್ಮ ಶೀಟು ಈಗ ಹೇಗಿದೆ

ಇಷ್ಟು ನೋಡಿದ ಮೇಲೆ 'ಬರೆದವರು' ಎಂಬ ಕಾಲಮ್ಮನ್ನು ಅಳಿಸಿದೆವು. ಅದರ ಜಾಗದಲ್ಲಿ ಬಂದದ್ದು ಇವು.

ಪಲ್ಲವಿಯ ಮೊದಲ ಸಾಲು, ಹಾಡಿದಂತೆ. 'ಹ್ವಾದ' ಎಂದು ಹಾಡಿದರೆ 'ಹೋದ' ಎಂದು ತಿದ್ದುವಂತಿಲ್ಲ. ಹುಡುಕುವ ಅನುಕೂಲಕ್ಕೆ ಪಕ್ಕದಲ್ಲಿ ಪುಸ್ತಕದ ಕನ್ನಡ ರೂಪ ಬೇರೆಯಾಗಿ.

ಅಂಕಿತ, ಕೇಳಿಸಿದಂತೆ. ಇದು ಪದದೊಳಗಿನ ಹೆಸರು ಅಷ್ಟೇ, ಕಟ್ಟಿದವರ ಹೆಸರಲ್ಲ.

ಕಟ್ಟಿದವರು ಯಾರೆಂದು ಹಾಡುವವರು ಹೇಳುತ್ತಾರೆ. ಯಾರೆಂದು ಪುಸ್ತಕ ಹೇಳುತ್ತದೆ. ಇವು ಎರಡು ಬೇರೆ ಕಾಲಮ್ಮು. ಎರಡೂ ಹೊಂದದಿದ್ದರೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಹಾಗೇ ಬಿಡುವುದು.

ಯಾರಿಂದ ಕಲಿತರು, ಯಾವ ಊರಲ್ಲಿ, ಯಾವ ಸಂದರ್ಭದ ಪದ, ಧಾಟಿ ಯಾವುದು. ಮದುವೆಯಾಗಿ ಬಂದ ಹೆಣ್ಣುಮಕ್ಕಳು ತವರಿನ ಪದವನ್ನು ಜೊತೆಗೆ ತಂದಿರುತ್ತಾರೆ. ಪದ ಹೇಗೆ ಊರಿಂದ ಊರಿಗೆ ಹೋಯಿತು ಎಂಬುದು ಈ ಕಾಲಮ್ಮಿನಲ್ಲೇ ಕಾಣುತ್ತದೆ.

ಒಂದೇ ಹೆಸರಿನ ನಾನಾ ರೂಪ. ಮಡಿವಾಳಪ್ಪ, ಮಡಿವಾಳಯ್ಯ, ಮಡಿವಾಳೇಶ. ಯಾವುದನ್ನೂ ಅಳಿಸದೆ ಒಟ್ಟಿಗೆ ಗಂಟು ಹಾಕುವ ಬೇರೆ ಶೀಟು. ಅಮೆರಿಕದ ಅಭಿಮಾನಿಗಳಿಂದ ಕಲಿತದ್ದು ಇದು.

ಕೊನೆಯದು ಒಪ್ಪಿಗೆ. ಹೆಸರು ಹಾಕಬಹುದೇ, ಈಗ ಹಾಕಬಹುದೇ, ತಾವು ಹೋದ ಮೇಲೆ ಹಾಕಬಹುದೇ, ಎಂದೂ ಬೇಡವೇ? ಇದನ್ನು ಹಾಡುವವರನ್ನೇ ಕೇಳಬೇಕು. ಮಗನನ್ನಲ್ಲ, ಮೇಳದ ಮುಖಂಡರನ್ನಲ್ಲ.

ಈ ಕೊನೆಯ ಕಾಲಮ್ಮಿಗೆ ನಮ್ಮಲ್ಲೇ ಜಗಳವಾಯಿತು. ಹೆಸರು ಬೇಡವೆಂದವರ ಹೆಸರು ಬರೆದಿಡುವುದೇ ತಪ್ಪು ಎಂದು ಒಬ್ಬ ಗೆಳೆಯ. ಬರೆದಿಡದಿದ್ದರೆ ಮುಂದೆ ಯಾರಿಗೂ ಗೊತ್ತಾಗುವುದಿಲ್ಲ, ದೊಡ್ಡವರ ಹೆಸರು ಇನ್ನಷ್ಟು ದೊಡ್ಡದಾಗುತ್ತದೆ ಎಂದು ನಾನು. ಸದ್ಯಕ್ಕೆ ಆದ ಒಪ್ಪಂದ ಇಷ್ಟು. ಬೇಡವೆಂದವರ ಹೆಸರು ಶೀಟಿನಲ್ಲಿ ಇರುವುದಿಲ್ಲ. 'ಅಂಕಿತದ ಗುರುವಿನದಲ್ಲ, ಹಾಡಿದವರೇ ಕಟ್ಟಿದ್ದು, ಹೆಸರು ಬೇಡವೆಂದಿದ್ದಾರೆ' ಎಂಬ ಒಂದು ಸಾಲು ಮಾತ್ರ ಇರುತ್ತದೆ. ಹೆಸರು ಇಲ್ಲದಿದ್ದರೂ ಒಬ್ಬರು ಅಲ್ಲಿದ್ದರು ಎಂಬುದು ಉಳಿಯುತ್ತದೆ.

ನನಗೆ ಇದರಲ್ಲಿ ಸ್ವಂತದ ನೋವೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಸ್ಟ್ರಿಂಗರ್ ಕಳಿಸಿದ ಸುದ್ದಿ ಪತ್ರಿಕೆಯ ಹೆಸರಿನ 'ವಾರ್ತೆ'ಯಾಗಿ ಅಚ್ಚಾಗುತ್ತದೆ. ಹನ್ನೆರಡು ವರ್ಷ ನಾನು ಬರೆದದ್ದರಲ್ಲಿ ನನ್ನ ಹೆಸರು ಬಂದದ್ದು ಬೆರಳೆಣಿಕೆಯಷ್ಟು. ನಾಳೆ ಹಳೆಯ ಪತ್ರಿಕೆಗಳನ್ನೆಲ್ಲ ಯಾರಾದರೂ ಹುಡುಕಲು ಬರುವಂತೆ ಮಾಡಿದರೆ ನಾನು ಅದರಲ್ಲಿ ಸಿಗುವುದಿಲ್ಲ. ಆಯಿ ತಾನಾಗಿ ಹೆಸರು ಬಿಟ್ಟುಕೊಟ್ಟರು. ನನಗೆ ಯಾರೂ ಕೇಳಲಿಲ್ಲ. ಈ ಎರಡೂ ಒಂದೇ ಅಲ್ಲ. ಪಟ್ಟಿ ನೋಡಿದವರಿಗೆ ಆ ವ್ಯತ್ಯಾಸ ತಿಳಿಯಬೇಕು ಎಂಬುದಷ್ಟೇ ನನ್ನ ಹಟ.

ಕಳೆದ ತಿಂಗಳು ಮೊಮ್ಮಗನನ್ನು ಕಂಡೆ. ಆಯಿಗೆ ಬರೆಯಲು ಬರುತ್ತಿರಲಿಲ್ಲ. ಅವರು ಹೇಳಿ, ಇವನು ಶಾಲೆಯಲ್ಲಿದ್ದಾಗ ಬರೆದುಕೊಂಡ ನೂರು ಪುಟದ ನೋಟ್‌ಬುಕ್ ಇನ್ನೂ ಇದೆ. ಹಾಳೆಯ ಅಂಚು ಇಲಿ ತಿಂದಿದೆ, ಎರಡು ಪದಗಳ ಕೊನೆಯ ನುಡಿ ಹೋಗಿದೆ. ಎಲ್ಲವನ್ನೂ ಫೋಟೊ ತೆಗೆದುಕೊಂಡೆ. ಶೀಟಿನ ಮೊದಲ ಸಾಲಿಗೆ ನಾನು ಅಂದು ತಪ್ಪಾಗಿ ಬರೆದ ಆ ಪದವನ್ನೇ ಹಾಕಿದ್ದೇನೆ. ಅಂಕಿತದ ಕಾಲಮ್ಮಿನಲ್ಲಿ ಗುರುವಿನ ಹೆಸರು, ಆಯಿ ಹೇಳಿದಂತೆ. ಪುಸ್ತಕದ ಕಾಲಮ್ಮು ಖಾಲಿ. ಕಟ್ಟಿದವರು ಎಂಬಲ್ಲಿ 'ಹಾಡಿದವರೇ, ಬ್ರಹ್ಮಪುರದ ಒಬ್ಬ ಆಯಿ'. ಹೆಸರು ಹಾಕಲು ಮೊಮ್ಮಗ ಒಪ್ಪಿದ. ನಾನೇ ಹಾಕಲಿಲ್ಲ. ಕೇಳಬೇಕಾದವರನ್ನು ಅಂದು ಕೇಳಿರಲಿಲ್ಲ.

ನಿಮ್ಮ ಊರಲ್ಲೂ ಇಂಥ ನೋಟ್‌ಬುಕ್ಕುಗಳು ಟ್ರಂಕಿನಲ್ಲಿ, ದೇವರ ಜಗಲಿಯ ಮೇಲೆ ಇರುತ್ತವೆ. ಫೋಟೊ ತೆಗೆಯಿರಿ, ಹಾಡಿಸಿ ರೆಕಾರ್ಡ್ ಮಾಡಿ. ಆದರೆ ಮೊದಲು ಎರಡು ಮಾತು ಕೇಳಿ: ಈ ಪದ ಯಾರು ಕಟ್ಟಿದ್ದು? ನಿಮ್ಮ ಹೆಸರು ಹಾಕಲೇ? ಅವರು ಇರುವಾಗಲೇ ಕೇಳಿ.